ನಾತಾನನು ಕಥೆ ಹೇಳಿದ್ದು ಯಾರಿಗೆ?

ತೋಟದ ಲೈನ್ ಮನೆಗಳಲ್ಲಿ ವಾಸಿಸುವ ಪ್ರಿಯ ಸಹೋದರ ಸಹೋದರಿಯರೇ, ಕರ್ತನಾದ ಯೇಸುವಿನ ನಾಮದಲ್ಲಿ ಜಹೀರಾಬಾದ್, ನಾರಾಯಣಖೇಡ ಮತ್ತು ತಾಂಡೂರು ಸೀಮೆಯ ಕೂಲಿಕಾರರ ವಂದನೆಗಳು.

ನಮ್ಮ ಊರುಗಳ ಹೆಸರನ್ನು ನಿಮ್ಮಲ್ಲಿ ಅನೇಕರು ಕೇಳಿರಲಿಕ್ಕಿಲ್ಲ. 1956ರ ನವೆಂಬರ್ 1ರವರೆಗೆ ಜಹೀರಾಬಾದ್ ಮತ್ತು ನಾರಾಯಣಖೇಡ ತಾಲ್ಲೂಕುಗಳು ಬೀದರ ಜಿಲ್ಲೆಗೆ ಸೇರಿದ್ದವು, ತಾಂಡೂರು ಗುಲ್ಬರ್ಗ ಜಿಲ್ಲೆಗೆ ಸೇರಿತ್ತು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ ಗುಲ್ಬರ್ಗಗಳು ಆಗಿನ ಮೈಸೂರು ರಾಜ್ಯಕ್ಕೆ ಹೋದವು, ನಾವು ಆಂಧ್ರಪ್ರದೇಶಕ್ಕೆ ಬಂದೆವು. 2014ರಿಂದ ತೆಲಂಗಾಣದವರಾಗಿದ್ದೇವೆ. ಗಡಿಯ ಗೆರೆ ಕದಲಿತು, ಮನೆಯ ಮಾತು ಕದಲಲಿಲ್ಲ. ಇಂದಿಗೂ ನಮ್ಮಲ್ಲಿ ಅನೇಕರ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಮತ್ತು ದಖನಿ, ಮಕ್ಕಳ ಶಾಲೆಯಲ್ಲಿ ತೆಲುಗು ಇಲ್ಲವೇ ಇಂಗ್ಲಿಷ್.

ಕೆಲಸದ ವಿಷಯಕ್ಕೆ ಬಂದರೆ ನಾವೂ ನೀವೂ ಒಂದೇ ನೊಗದ ಎತ್ತುಗಳು. ನಿಮಗೆ ಕಾಫಿ ಗಿಡ, ನಮಗೆ ಕಬ್ಬಿನ ಗದ್ದೆ ಮತ್ತು ಕಲ್ಲಿನ ಗಣಿ. ದಸರೆ ಕಳೆದರೆ ನಾರಾಯಣಖೇಡದ ಹಳ್ಳಿಗಳಿಂದಲೂ ತಾಂಡಾಗಳಿಂದಲೂ ಕುಟುಂಬಗಳು ಮುಂಗಡ ಹಿಡಿದು ಕಬ್ಬು ಕಡಿಯಲು ಹೊರಡುತ್ತವೆ. ತಾಂಡೂರಿನ ಸುತ್ತ ಫರಸಿ ಕಲ್ಲು ತೆಗೆಯುವವರು, ಕೊಯ್ಯುವವರು, ಪಾಲಿಶ್ ಮಾಡುವವರು ಇದ್ದಾರೆ. ತಾಂಡೂರಿನ ತೊಗರಿಗೆ 2022ರಲ್ಲಿ ಸರಕಾರದಿಂದ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಕಾಳಿಗೆ ಹೆಸರು ಬಂತು, ಸಂತೋಷವೇ. ಆ ತೊಗರಿಯನ್ನು ಕೊಯ್ದವಳ ಹೆಸರನ್ನು ಮಾತ್ರ ಯಾರೂ ಕೇಳಲಿಲ್ಲ.

ಈ ಸಲ ನಾವು ಬರೆಯುತ್ತಿರುವುದು ಕೂಲಿಯ ದರದ ವಿಷಯವಾಗಿ ಅಲ್ಲ, ಕಥೆಗಳ ವಿಷಯವಾಗಿ. ಕೂಲಿಯವರಿಗೆ ಕಥೆಯ ಚಿಂತೆ ಯಾಕೆ ಎಂದು ನಗಬೇಡಿರಿ. ನಮ್ಮ ಮಕ್ಕಳ ಬೆನ್ನು ಬಗ್ಗುವ ಮೊದಲು ಅವರ ಮನಸ್ಸು ಬಗ್ಗುತ್ತದೆ, ಆ ಕೆಲಸವನ್ನು ಅನೇಕ ಸಲ ಕಥೆಗಳೇ ಮಾಡುತ್ತವೆ.

ವಿಷಯವೇನೆಂದರೆ

ನಮ್ಮ ಸಭೆಗಳಲ್ಲಿಯೂ ಸಂಡೇ ಸ್ಕೂಲುಗಳಲ್ಲಿಯೂ ಯುವಜನ ಕೂಟಗಳಲ್ಲಿಯೂ ಒಂದು ಹಳೆಯ ರೂಢಿ ಉಂಟು. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ಕಾದಂಬರಿಗಳನ್ನು ಚಿಕ್ಕದಾಗಿ ಮಾಡಿ ಮಕ್ಕಳಿಗೆ ಹೇಳುವುದು, ಕೊನೆಯಲ್ಲಿ ಒಂದು ನೀತಿಯನ್ನು ಹೊರತೆಗೆದು ಬಾಯಿಪಾಠ ಮಾಡಿಸುವುದು. ಶಾಲೆಯ ನಾನ್‌ಡಿಟೇಲ್ ಪಾಠದಲ್ಲಿಯೂ ಇದೇ ಕಥೆಗಳು ಬರುತ್ತವೆ. ಈ ರೂಢಿ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಡಿಕನ್ಸ್, ಗ್ಯಾಸ್ಕೆಲ್, ಷಾರ್ಲಟ್ ಬ್ರಾಂಟೆ, ಜಾರ್ಜ್ ಎಲಿಯಟ್ ಇವರ ಪುಸ್ತಕಗಳು ದೊಡ್ಡ ಪುಸ್ತಕಗಳು, ಸತ್ಯವೇದದ ಗಾಳಿ ಆಡಿದ ಪುಸ್ತಕಗಳು. ನಮ್ಮ ತಕರಾರು ಹೊರತೆಗೆಯುವ ನೀತಿಯ ಬಗ್ಗೆ. ಕೂಲಿಯವರ ಮಕ್ಕಳಿಗೆ ಹೇಳುವಾಗ ಈ ಎಲ್ಲ ಪುಸ್ತಕಗಳಿಂದಲೂ ಒಂದೇ ನೀತಿ ಹೊರಡುತ್ತದೆ: ತಾಳಿಕೊಳ್ಳು, ಕೊಟ್ಟದ್ದರಲ್ಲಿ ತೃಪ್ತನಾಗಿರು, ದೊಡ್ಡವರಿಗೆ ಎದುರಾಡಬೇಡ, ಕೊನೆಗೆ ದೇವರು ನೋಡಿಕೊಳ್ಳುತ್ತಾನೆ.

ಈ ತಪ್ಪನ್ನು ನಾವೂ ಮಾಡಿದವರೇ, ಅದನ್ನು ಮೊದಲು ಒಪ್ಪಿಕೊಳ್ಳುತ್ತೇವೆ. ಒಮ್ಮೆ ನಮ್ಮ ಪ್ರಾರ್ಥನಾಕೂಟದಲ್ಲಿ ಆಲಿವರ್ ಟ್ವಿಸ್ಟನ ಕಥೆಯನ್ನು ಹೇಳಿ, ಅನಾಥ ಬಾಲಕನು ಕಷ್ಟದಲ್ಲಿಯೂ ಒಳ್ಳೆಯವನಾಗಿದ್ದ, ಆದ್ದರಿಂದ ಅವನಿಗೆ ಒಳ್ಳೆಯದಾಯಿತು, ನಾವೂ ಇರುವುದರಲ್ಲಿ ತೃಪ್ತಿಪಡೋಣ ಎಂದು ಮುಗಿಸಿದೆವು. ಕಬ್ಬು ಕಡಿದು ಆಗಷ್ಟೇ ಊರಿಗೆ ಬಂದಿದ್ದ ಒಬ್ಬ ತಾಯಿ ಹಿಂದೆ ಕುಳಿತಿದ್ದರು. ಅವರು ಎದ್ದು, "ಆ ಹುಡುಗಗ ಗಂಜಿ ಸಾಕಾಗಿತ್ತೇನ್ರಿ? ಸಾಕಾಗಿರಲಿಲ್ಲ ಅಂದರ ಕೇಳಿದ್ದು ತಪ್ಪು ಹ್ಯಾಂಗಾಯ್ತು?" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಹಾಡು ಹಾಡಿ ಕೂಟ ಮುಗಿಸಿದೆವು. ಆ ಪ್ರಶ್ನೆ ಮಾತ್ರ ನಮ್ಮನ್ನು ಬಿಡಲಿಲ್ಲ. ಅದರ ಉತ್ತರಕ್ಕಾಗಿ ಪುಸ್ತಕಗಳನ್ನು ಮತ್ತೆ, ಈ ಸಲ ಪೂರ್ತಿಯಾಗಿ, ಓದಿದೆವು.

ಪ್ರವಾದಿಯ ರೀತಿ

ಮೊದಲು ಸತ್ಯವೇದವನ್ನೇ ತೆರೆಯೋಣ. ಸಮುವೇಲನ ಎರಡನೆಯ ಪುಸ್ತಕದ 12ನೆಯ ಅಧ್ಯಾಯದಲ್ಲಿ ಪ್ರವಾದಿಯಾದ ನಾತಾನನು ಒಂದು ಕಥೆ ಹೇಳುತ್ತಾನೆ. ಒಂದೂರಿನಲ್ಲಿ ಇಬ್ಬರು. ಒಬ್ಬನಿಗೆ ಕುರಿದನಗಳು ಬಹಳ. ಇನ್ನೊಬ್ಬನಿಗೆ ಒಂದೇ ಒಂದು ಕುರಿಮರಿ, ಅದೂ ಮಗಳಂತೆ ಸಾಕಿದ್ದು. ಮನೆಗೆ ಅತಿಥಿ ಬಂದಾಗ ಐಶ್ವರ್ಯವಂತನು ತನ್ನ ಹಿಂಡನ್ನು ಮುಟ್ಟದೆ ಬಡವನ ಮರಿಯನ್ನು ಹಿಡಿದು ಅಡಿಗೆ ಮಾಡಿಸಿದನು.

ಈ ಕಥೆಯನ್ನು ನಾತಾನನು ಹೇಳಿದ್ದು ಯಾರಿಗೆ? ಮರಿ ಕಳೆದುಕೊಂಡ ಬಡವನ ಗುಡಿಸಲಿಗೆ ಹೋಗಿ, ತಮ್ಮಾ, ದುಃಖಪಡಬೇಡ, ಸಹನೆಯೇ ಭೂಷಣ ಎಂದು ಹೇಳಲಿಲ್ಲ. ಅರಮನೆಗೆ ಹೋದನು. ಊರೀಯನ ಹೆಂಡತಿಯನ್ನು ತೆಗೆದುಕೊಂಡು ಊರೀಯನನ್ನು ಯುದ್ಧದಲ್ಲಿ ಸಾಯಿಸಿದ ದಾವೀದ ಅರಸನ ಎದುರಿಗೆ ನಿಂತು ಹೇಳಿದನು. ಅರಸನಿಗೆ ಸಿಟ್ಟು ಬಂತು, ಆಮೇಲೆ ಆ ಐಶ್ವರ್ಯವಂತನು ತಾನೇ ಎಂಬುದು ತಿಳಿಯಿತು, ಆಮೇಲೆ ಪಶ್ಚಾತ್ತಾಪ ಬಂತು.

ನೀತಿಕಥೆಗೆ ಒಂದು ವಿಳಾಸ ಇರುತ್ತದೆ ಎಂಬುದೇ ಇದರಿಂದ ನಾವು ಕಲಿತ ಪಾಠ. ಒಬ್ಬನ ಹೆಸರಿಗೆ ಬಂದ ಕಾಗದವನ್ನು ಇನ್ನೊಬ್ಬನ ಮನೆಗೆ ಕೊಟ್ಟರೆ ಅಂಚೆಯವನ ಮೇಲೆ ದೂರು ಹೋಗುತ್ತದೆ. ಅರಸನ ಹೆಸರಿಗೆ ಬರೆದ ಕಾಗದಗಳನ್ನು ನೂರಾರು ವರ್ಷ ಗುಡಿಸಲುಗಳಿಗೆ ಹಂಚಿದ ಬೋಧಕರ ಮೇಲೆ ದೂರು ಕೊಡುವವರು ಯಾರು? ನಾವೇ ಕೊಡಬೇಕು.

ಪುಸ್ತಕದಲ್ಲಿರುವುದು ಒಂದು, ನಮಗೆ ಹೇಳಿದ್ದು ಇನ್ನೊಂದು

ಆಲಿವರ್ ಟ್ವಿಸ್ಟ್ 1837ರಿಂದ 1839ರವರೆಗೆ ಕಂತು ಕಂತಾಗಿ ಬಂದ ಕಾದಂಬರಿ. ಇಂಗ್ಲೆಂಡಿನಲ್ಲಿ 1834ರಲ್ಲಿ ಬಡವರ ಕಾನೂನು ಹೊಸದಾಗಿ ಬಂದಿತ್ತು. ಗತಿಯಿಲ್ಲದವರಿಗೆ ಸಹಾಯ ಬೇಕಾದರೆ ವರ್ಕ್‌ಹೌಸ್ ಎಂಬ ದುಡಿಮೆಯ ಛತ್ರಕ್ಕೆ ಸೇರಬೇಕು, ಅಲ್ಲಿ ಗಂಡ ಹೆಂಡತಿಯರನ್ನೂ ಬೇರೆ ಬೇರೆ ಇಡುವರು, ಊಟವನ್ನು ಬೇಕೆಂದೇ ಕಡಿಮೆ ಮಾಡುವರು. ಹಸಿವು ತಾಳದ ಹುಡುಗರು ಚೀಟಿ ಎತ್ತಿದರು, ಕೇಳುವ ಸರದಿ ಆಲಿವರನಿಗೆ ಬಂತು, ಅವನು ಇನ್ನಷ್ಟು ಗಂಜಿ ಕೇಳಿದ. ಅಷ್ಟಕ್ಕೆ ಅವನನ್ನು ಕೋಣೆಯಲ್ಲಿ ಕೂಡಿಹಾಕಿದರು. ಯಾರು ಬೇಕಾದರೂ ಇವನನ್ನು ಕರೆದುಕೊಂಡು ಹೋಗಲಿ, ಐದು ಪೌಂಡನ್ನೂ ಕೊಡುತ್ತೇವೆ ಎಂದು ಬಾಗಿಲಿಗೆ ಚೀಟಿ ಅಂಟಿಸಿದರು. ಇದನ್ನು ಮಾಡಿದವರು ಹೊಟ್ಟೆ ತುಂಬಿದ ಕಮಿಟಿಯ ದೊಡ್ಡ ಮನುಷ್ಯರು ಮತ್ತು ಬಂಬಲ್ ಎಂಬ ಪ್ಯಾರಿಷಿನ ಅಧಿಕಾರಿ. ಡಿಕನ್ಸ್ ನಗುತ್ತಾ ನಗುತ್ತಾ ಚರ್ಮ ಸುಲಿದದ್ದು ಇವರದನ್ನು, ಹುಡುಗನದನ್ನಲ್ಲ. ಚಿಕ್ಕ ಪುಸ್ತಕ ಮಾಡುವಾಗ ಮೊದಲು ಬಿಟ್ಟುಹೋಗುವುದೇ ಕಮಿಟಿಯ ಸಂಗತಿ. ಒಳ್ಳೆಯ ಹುಡುಗ ಮಾತ್ರ ಉಳಿಯುತ್ತಾನೆ.

ಡಿಕನ್ಸನಿಗೆ ಈ ವಿಷಯ ಕೇಳಿ ತಿಳಿದದ್ದಲ್ಲ. 1824ರಲ್ಲಿ ಅವನ ತಂದೆಯನ್ನು ಸಾಲಕ್ಕಾಗಿ ಮಾರ್ಷಲ್‌ಸೀ ಎಂಬ ಸೆರೆಮನೆಗೆ ಹಾಕಿದರು. ಹನ್ನೆರಡು ವರ್ಷದ ಹುಡುಗನನ್ನು ಶಾಲೆ ಬಿಡಿಸಿ, ಬೂಟ್ ಪಾಲಿಶ್ ಮಾಡುವ ಕಾರ್ಖಾನೆಗೆ ಡಬ್ಬಿಗಳ ಮೇಲೆ ಚೀಟಿ ಅಂಟಿಸುವ ಕೆಲಸಕ್ಕೆ ಕಳುಹಿಸಿದರು. ತಂದೆಯ ಸಾಲಕ್ಕೆ ಮಗನ ಶಾಲೆ ನಿಲ್ಲುವುದು ಎಂದರೇನೆಂದು ನಮಗೆ ಯಾರೂ ವಿವರಿಸಬೇಕಾಗಿಲ್ಲ. ಮುಂಗಡ ಹಿಡಿದ ಮನೆಯ ಮಗು ಅರ್ಧ ವರ್ಷ ಹಾಜರಿ ಪುಸ್ತಕದಲ್ಲಿ ಇರುವುದಿಲ್ಲ.

ಜೇನ್ ಐರ್ 1847ರಲ್ಲಿ ಬಂತು. ಬರೆದ ಷಾರ್ಲಟ್ ಬ್ರಾಂಟೆ ಸಭಾಪಾಲಕರ ಮಗಳು. ಬಡ ಪಾದ್ರಿಗಳ ಹೆಣ್ಣುಮಕ್ಕಳ ಶಾಲೆಗೆ ಹೋದ ಆಕೆಯ ಇಬ್ಬರು ಅಕ್ಕಂದಿರು ಅಲ್ಲಿ ಕಾಯಿಲೆ ಬಿದ್ದು 1825ರಲ್ಲಿ ತೀರಿಕೊಂಡರು. ಆ ನೋವೇ ಪುಸ್ತಕದಲ್ಲಿ ಲೋವುಡ್ ಶಾಲೆಯಾಯಿತು. ನಮ್ಮ ಬೋಧಕರು ಇದರಿಂದ ತೆಗೆಯುವ ಪಾಠ ಹೆಲೆನ್ ಬರ್ನ್ಸ್ ಎಂಬ ಹುಡುಗಿಯ ಸಹನೆ. ಹೆಲೆನ್ ಒಳ್ಳೆಯವಳು, ನಾವು ಆಕೆಯನ್ನು ಗೌರವಿಸುತ್ತೇವೆ. ಆದರೆ ಅದೇ ಶಾಲೆಯ ಖಜಾಂಚಿ ಬ್ರಾಕಲ್‌ಹರ್ಸ್ಟ್‌ನನ್ನು ಮರೆಸುವುದೇಕೆ? ಗಂಜಿ ಸೀದುಹೋದ ದಿನ ಮಕ್ಕಳಿಗೆ ರೊಟ್ಟಿ ಕೊಟ್ಟದ್ದಕ್ಕೆ ಈತ ಶಿಕ್ಷಕಿಯನ್ನು ಗದರಿಸುತ್ತಾನೆ, ಸತ್ಯವೇದದ ಮಾತು ತೆಗೆದು ಉಪವಾಸವನ್ನು ಸಮರ್ಥಿಸುತ್ತಾನೆ, ಹುಡುಗಿಯರ ಕೂದಲು ಕತ್ತರಿಸಲು ಹೇಳುತ್ತಾನೆ. ಅದೇ ಗಳಿಗೆಗೆ ಅವನ ಹೆಂಡತಿ ಮಕ್ಕಳು ರೇಷ್ಮೆ, ಮಕಮಲ್ಲು ಉಟ್ಟು, ಕೂದಲು ಗುಂಗುರು ಮಾಡಿಸಿಕೊಂಡು ಒಳಗೆ ಬರುತ್ತಾರೆ! ಇನ್ನೂ ಮುಖ್ಯವಾದದ್ದು ಮುಂದಿದೆ. ಶಾಲೆ ಸುಧಾರಿಸಿದ್ದು ಹೆಲೆನಳ ಸಹನೆಯಿಂದಲ್ಲ. ವಿಷಜ್ವರ ಬಂದು ಮಕ್ಕಳು ಸತ್ತ ಮೇಲೆ ವಿಚಾರಣೆ ನಡೆಯಿತು, ನೀರು, ಊಟ, ಬಟ್ಟೆಗಳ ಸಂಗತಿ ಹೊರಬಿತ್ತು, ಹಣದ ಲೆಕ್ಕ ಒಬ್ಬನ ಕೈ ಬಿಟ್ಟು ಕಮಿಟಿಗೆ ಹೋಯಿತು. ಸಹನೆಯುಳ್ಳ ಹೆಲೆನ್ ಮಾತ್ರ ಕ್ಷಯದಿಂದ ಸತ್ತುಹೋಗಿದ್ದಳು.

ಕ್ರಿಸ್ಮಸ್ ಬಂದರೆ ಸ್ಕ್ರೂಜನ ನಾಟಕವಾಗದ ಊರು ಕಡಿಮೆ. 1843ರ ಈ ಕಥೆಯ ನೀತಿ ಎಂದು ಹಬ್ಬಕ್ಕೊಂದು ಹೊದಿಕೆ, ಒಂದು ಕೇಕಿನ ತುಂಡು ಹಂಚುತ್ತಾರೆ. ಪುಸ್ತಕವನ್ನು ಕೊನೆಯವರೆಗೆ ಓದಿರಿ. ಮನಸ್ಸು ತಿರುಗಿದ ಸ್ಕ್ರೂಜನು ಹಬ್ಬದ ಊಟ ಕಳುಹಿಸಿ ಅಲ್ಲಿಗೆ ನಿಲ್ಲಿಸಲಿಲ್ಲ. ಮರುದಿನ ತನ್ನ ಗುಮಾಸ್ತ ಬಾಬ್ ಕ್ರಾಚಿಟ್ಟನನ್ನು ಕರೆದು ಸಂಬಳ ಹೆಚ್ಚಿಸುತ್ತೇನೆಂದನು, ಚಳಿಗೆ ಕಲ್ಲಿದ್ದಲು ಹೆಚ್ಚು ಹಾಕಿಸಿದನು. ಡಿಸೆಂಬರ್ 25ರ ಹೊದಿಕೆ ಸರಿ, 26ರ ಸಂಬಳದ ಮಾತೆಲ್ಲಿ? ಅದನ್ನು ನಾಟಕದಲ್ಲಿ ಆಡಿ ತೋರಿಸಿದವರನ್ನು ನಾವು ಕಂಡಿಲ್ಲ.

ಕ್ಷಮೆಯ ಪಾಠಕ್ಕೆ ಮೇರಿ ಬಾರ್ಟನ್ ಎಂಬ ಕಾದಂಬರಿಯನ್ನು ಹೇಳುವುದುಂಟು. 1848ರಲ್ಲಿ ಇದನ್ನು ಬರೆದ ಎಲಿಜಬೆತ್ ಗ್ಯಾಸ್ಕೆಲ್ ಮ್ಯಾಂಚೆಸ್ಟರಿನ ಒಬ್ಬ ಸಭಾಪಾಲಕರ ಹೆಂಡತಿ. ಗಿರಣಿಯ ಕೂಲಿಗಳ ಮನೆ ಹೊಕ್ಕು ಬಂದವರು. ಮಗ ಹಸಿವಿನಿಂದ ಸತ್ತ ಕೂಲಿಕಾರ ಜಾನ್ ಬಾರ್ಟನ್, ಮಾಲೀಕ ಕಾರ್ಸನ್ನನ ಮಗನನ್ನು ಕೊಲ್ಲುತ್ತಾನೆ. ಇದು ಘೋರ ಪಾಪ, ಗ್ಯಾಸ್ಕೆಲ್ ಅದನ್ನು ಪಾಪವೆಂದೇ ಬರೆದರು, ನಾವೂ ಹಾಗೆಯೇ ಹೇಳುತ್ತೇವೆ. ಆದರೆ ಕೊನೆಯಲ್ಲಿ ಸತ್ಯವೇದವನ್ನು ಕೈಗೆ ತೆಗೆದುಕೊಂಡು ರಾತ್ರಿ ಓದುವವನು ಮಾಲೀಕ. ಕ್ಷಮಿಸುವವನು ಮಾಲೀಕ. ಸಾಯುತ್ತಿರುವ ಕೂಲಿಯನ್ನು ತೋಳಲ್ಲಿ ಹಿಡಿಯುವವನು ಮಾಲೀಕ. ಆಮೇಲೆ ಗಿರಣಿಗಳ ಕೆಲಸದ ರೀತಿಯನ್ನು ತಿದ್ದಲು ಹೊರಡುವವನೂ ಅವನೇ. ಆ ಪುಸ್ತಕದಲ್ಲಿ ಕ್ಷಮೆ ಎಂಬುದು ಮಾಲೀಕನ ಮನಸ್ಸನ್ನು ಮಾತ್ರವಲ್ಲ, ಅವನ ವ್ಯವಹಾರವನ್ನೂ ತಿರುಗಿಸುತ್ತದೆ. ನಮಗೆ ಹೇಳುವಾಗ ಕ್ಷಮಿಸಬೇಕಾದವನು ಯಾವಾಗಲೂ ಕೂಲಿಯೇ ಆಗುವುದು ಹೇಗೆ?

ಅದೇ ಗ್ಯಾಸ್ಕೆಲ್ 1854–55ರಲ್ಲಿ ಬರೆದ ನಾರ್ತ್ ಅಂಡ್ ಸೌತ್‌ನಲ್ಲಿ ಬೆಸ್ಸಿ ಹಿಗ್ಗಿನ್ಸ್ ಎಂಬ ಹುಡುಗಿ ಇದ್ದಾಳೆ. ಗಿರಣಿಯ ಹತ್ತಿಯ ನಯವಾದ ದೂಳು ಎದೆಗೆ ಹೋಗಿ ಹತ್ತೊಂಬತ್ತರ ಪ್ರಾಯಕ್ಕೆ ಸಾಯುತ್ತಾಳೆ. ಪ್ರಕಟನೆಯ ಪುಸ್ತಕವನ್ನು ಓದುತ್ತಾ ಪರಲೋಕದ ಕನಸು ಕಾಣುತ್ತಾಳೆ. ಬೋಧಕರಿಗೆ ಇಷ್ಟು ಸಾಕು. ಆದರೆ ಬೆಸ್ಸಿಯೇ ಇನ್ನೊಂದು ಮಾತನ್ನೂ ಹೇಳುತ್ತಾಳೆ. ದೂಳನ್ನು ಹೊರಕ್ಕೆ ತಳ್ಳುವ ದೊಡ್ಡ ಚಕ್ರವನ್ನು ಕೆಲವು ಗಿರಣಿಗಳಲ್ಲಿ ಇಟ್ಟಿದ್ದಾರೆ, ಅದಕ್ಕೆ ಹಣ ಬೀಳುತ್ತದೆ, ಲಾಭ ಬರುವುದಿಲ್ಲ, ಆದ್ದರಿಂದ ಇಡುವ ಮಾಲೀಕರು ಕಡಿಮೆ ಎಂದು. ತಾಂಡೂರಿನಲ್ಲಿ ಕಲ್ಲು ಕೊಯ್ಯುವ ಸೋದರರೇ, ಬೆಸ್ಸಿ ನಿಮ್ಮ ತಂಗಿ. ಕಲ್ಲಿನ ದೂಳು ಎದೆಗೆ ಸೇರಿದರೆ ಹೊರಗೆ ಬರುವುದಿಲ್ಲ. ನೀರು ಬಿಟ್ಟು ಕೊಯ್ಯುವುದು, ದೂಳು ಎಳೆಯುವ ಫ್ಯಾನು, ಬಾಯಿಗೆ ಸರಿಯಾದ ಕವಚ ಇವು ಇದ್ದರೆ ಅದನ್ನು ತಡೆಯಬಹುದು. ಪರಲೋಕದ ನಿರೀಕ್ಷೆ ಇರಲಿ, ಫ್ಯಾನೂ ಇರಲಿ. ಒಂದನ್ನು ಕೊಟ್ಟು ಇನ್ನೊಂದನ್ನು ಕಸಿದುಕೊಳ್ಳುವುದು ಸುವಾರ್ತೆಯಲ್ಲ.

1854ರ ಹಾರ್ಡ್ ಟೈಮ್ಸ್‌ನಲ್ಲಿ ಬೌಂಡರ್ಬಿ ಎಂಬ ಗಿರಣಿಯ ಮಾಲೀಕ ಬರುತ್ತಾನೆ. ನಾನು ಚರಂಡಿಯಲ್ಲಿ ಹುಟ್ಟಿದೆ, ತಾಯಿ ಬಿಟ್ಟುಹೋದಳು, ಸ್ವಂತ ಶ್ರಮದಿಂದ ಮೇಲೆ ಬಂದೆ, ನಿಮಗೇನು ಕಷ್ಟ ಎಂದು ಊರಿಗೆಲ್ಲ ಸಾರುತ್ತಾನೆ. ಕೊನೆಗೆ ಮುದುಕಿ ತಾಯಿಯೇ ಬಂದು ನಿಲ್ಲುತ್ತಾಳೆ. ಆಕೆ ಮಗನನ್ನು ಬಿಟ್ಟಿರಲಿಲ್ಲ, ಹೊಟ್ಟೆ ಬಟ್ಟೆ ಕಟ್ಟಿ ಓದಿಸಿದ್ದಳು. ನನ್ನ ಹತ್ತಿರ ಬರಬೇಡ ಎಂದು ದೂರವಿಟ್ಟವನು ಮಗನೇ. ನಮ್ಮನ್ನು ಸೋಮಾರಿಗಳೆಂದು ಬೈದು ತಮ್ಮ ಕಥೆ ಹೇಳುವ ದೊಡ್ಡವರ ಮಾತು ಕೇಳುವಾಗ ಈ ತಾಯಿಯನ್ನು ನೆನೆಯಿರಿ. ಅದೇ ಕಾದಂಬರಿಯ ನೇಕಾರ ಸ್ಟೀಫನ್, ಪಾಳು ಬಿಟ್ಟ ಕಲ್ಲಿದ್ದಲಿನ ಗಣಿಬಾವಿಯಲ್ಲಿ ಬಿದ್ದು ಸಾಯುತ್ತಾನೆ. ಆ ಬಾವಿ ಕೆಲಸ ನಡೆಯುವಾಗಲೂ ಜೀವ ತೆಗೆದಿತ್ತು, ಕೆಲಸ ನಿಂತ ಮೇಲೂ ತೆಗೆಯಿತು. ಕಲ್ಲು ತೆಗೆದು ಬೇಲಿಯಿಲ್ಲದೆ ಬಿಟ್ಟ ಗುಂಡಿಗಳ ಹತ್ತಿರ ಮಕ್ಕಳನ್ನು ಬೆಳೆಸುವವರಿಗೆ ಈ ಪುಟ ಹೊಸದಲ್ಲ. ಆದರೂ ಒಂದು ಮಾತು. ಇದೇ ಪುಸ್ತಕದಲ್ಲಿ ಡಿಕನ್ಸ್ ಕೂಲಿಗಳ ಸಂಘದ ಮುಖಂಡನನ್ನು ಬರೀ ಬಾಯಿಬಡುಕನನ್ನಾಗಿ ಮಾಡಿದ್ದಾನೆ. ಅಲ್ಲಿ ಅವನು ನ್ಯಾಯ ಮಾಡಲಿಲ್ಲವೆಂದು ನಾವು ಹೇಳುತ್ತೇವೆ. ಗ್ಯಾಸ್ಕೆಲ್ ತಮ್ಮ ಸಂಘದ ಮನುಷ್ಯ ನಿಕೊಲಸ್ ಹಿಗ್ಗಿನ್ಸನಿಗೆ ಬುದ್ಧಿಯನ್ನೂ ಮಾನವನ್ನೂ ಕೊಟ್ಟರು.

ಆ ಪುಸ್ತಕಗಳು ಕಾಣದೆ ಹೋದದ್ದು

ಈ ಪುಸ್ತಕಗಳನ್ನು ಸತ್ಯವೇದದಂತೆ ತಲೆಯ ಮೇಲೆ ಇಟ್ಟುಕೊಳ್ಳಬೇಕೆಂದು ನಮ್ಮ ಮಾತಲ್ಲ. ಅವುಗಳಿಗೂ ಕುರುಡು ಇತ್ತು. 1859ನೆಯ ವರ್ಷವನ್ನು ನೋಡಿರಿ. ಆ ವರ್ಷ ಇಂಗ್ಲೆಂಡಿನಲ್ಲಿ ಜಾರ್ಜ್ ಎಲಿಯಟ್ ಎಂಬ ಹೆಸರಿನಲ್ಲಿ ಬರೆದ ಮಹಿಳೆಯ ಆಡಂ ಬೀಡ್ ಪ್ರಕಟವಾಯಿತು. ಅದರಲ್ಲಿ ಗಿರಣಿಯಲ್ಲಿ ದುಡಿಯುವ ಡೈನಾ ಎಂಬ ಮೆಥೊಡಿಸ್ಟ್ ಸ್ತ್ರೀ ಊರ ಬಯಲಿನಲ್ಲಿ ನಿಂತು ಪ್ರಸಂಗ ಮಾಡುತ್ತಾಳೆ, ಸಾವಿನ ಶಿಕ್ಷೆಯಾದ ಹುಡುಗಿಯ ಜೊತೆ ಸೆರೆಮನೆಯಲ್ಲಿ ರಾತ್ರಿ ಕಳೆಯುತ್ತಾಳೆ. ಮೆಥೊಡಿಸ್ಟ್ ಸಭೆಗಳಿರುವ ನಮ್ಮ ಸೀಮೆಯಲ್ಲಿ ಇದನ್ನು ಓದಿ ನಾವು ಸಂತೋಷಪಟ್ಟೆವು. ಅದೇ 1859ರಲ್ಲಿ, ಅದೇ ರಾಣಿಯ ಹೆಸರಿನ ಸರಕಾರ, ಹಿಂದೂಸ್ಥಾನದಲ್ಲಿ 13ನೆಯ ಕಾಯ್ದೆಯನ್ನು ಮಾಡಿತು. ಮುಂಗಡ ಪಡೆದು ಕೆಲಸ ಬಿಟ್ಟುಹೋದ ಕೂಲಿಯನ್ನು ಮ್ಯಾಜಿಸ್ಟ್ರೇಟನ ಮುಂದೆ ನಿಲ್ಲಿಸಿ ಸೆರೆಮನೆಗೆ ಕಳುಹಿಸುವ ಕಾಯ್ದೆ ಅದು. ದಕ್ಷಿಣದ ತೋಟಗಳಲ್ಲಿ ಇದನ್ನು ಧಾರಾಳವಾಗಿ ಬಳಸಿದರು. ಅದನ್ನು ರದ್ದು ಮಾಡುವ ಕಾನೂನು ಬಂದದ್ದು 1925ರಲ್ಲಿ. ನಿಮ್ಮ ಮುತ್ತಜ್ಜ ಮುತ್ತಜ್ಜಿಯರು ಘಟ್ಟ ಹತ್ತಿದ್ದು ಈ ಕಾಯ್ದೆಯ ನೆರಳಿನಲ್ಲಿ. ಮ್ಯಾಂಚೆಸ್ಟರಿನ ಕೂಲಿಗೆ ಕಣ್ಣೀರಿಟ್ಟ ಓದುಗರು ಕುಡಿದ ಕಾಫಿಯ ಲೋಟದಲ್ಲಿ ನಮ್ಮವರ ಬೆವರು ಇತ್ತು, ಅದು ಅವರ ಕಾದಂಬರಿಗಳೊಳಗೆ ಬರಲಿಲ್ಲ.

ನಮ್ಮ ನಿಜಾಮರ ಸೀಮೆಯಲ್ಲಿ ಭಾಗೇಲ ಪದ್ಧತಿ ಇತ್ತು, ಸಾಲಕ್ಕೆ ಜೀವ ಅಡವಿಡುವ ಜೀತ. 1976ರ ಜೀತಪದ್ಧತಿ ರದ್ದಿಯಾತಿ ಕಾಯ್ದೆಯಲ್ಲಿ ದೇಶದ ಜೀತಗಳ ಪಟ್ಟಿ ಕೊಟ್ಟಿದ್ದಾರೆ. ಭಾಗೇಲ, ಜೀತ ಎಂಬ ಎರಡು ಹೆಸರುಗಳೂ ಅದರಲ್ಲಿ ಇವೆ. ನಮ್ಮ ಹಿರಿಯರ ಬಾಳು ಕಾನೂನಿನ ಪುಸ್ತಕದಲ್ಲಿ ಒಂದು ಪದವಾಗಿ ನಿಂತಿತು. ಕಥೆಯಾಗಿ ಯಾರು ಬರೆದರು?

ಕನ್ನಡದಲ್ಲಿ ಬರೆದವರು ಇದ್ದಾರೆ. ಶಿವರಾಮ ಕಾರಂತರ ಚೋಮನ ದುಡಿ 1933ರಲ್ಲಿ ಬಂತು. ಸಾಲ ತೀರಿಸಲು ಚೋಮನ ಮಕ್ಕಳು ಕಾಫಿ ತೋಟಕ್ಕೆ ಹೋಗುತ್ತಾರೆ. ಒಬ್ಬ ಮಗ ಜ್ವರದಿಂದ ಸಾಯುತ್ತಾನೆ, ಒಬ್ಬ ಮಗ ಕ್ರೈಸ್ತ ಹುಡುಗಿಯನ್ನು ಕಟ್ಟಿಕೊಳ್ಳುತ್ತಾನೆ, ಮಗಳು ಬೆಳ್ಳಿಯನ್ನು ತೋಟದ ಬಲಿಷ್ಠರು ಬಳಸಿಕೊಳ್ಳುತ್ತಾರೆ. ಭೂಮಿ ಉಳಬೇಕೆಂಬ ಚೋಮನ ಆಸೆ ಆಸೆಯಾಗಿಯೇ ಉಳಿಯುತ್ತದೆ. ಕ್ರೈಸ್ತರಾದ ನಮ್ಮ ಬಗ್ಗೆಯೂ ಅದರಲ್ಲಿ ಕಹಿಯಾದ ಮಾತುಗಳುಂಟು. ಅದು ನಾವು ಓದಲೇಬೇಕಾದ ಕಾರಣ. ಆಲಿವರನನ್ನು ಓದಿದ ಸಂಡೇ ಸ್ಕೂಲಿನಲ್ಲಿ ಬೆಳ್ಳಿಯನ್ನೂ ಓದಲಿ.

ಆಕ್ಷೇಪಣೆ ಹೇಳುವವರಿಗೆ

ಕಾದಂಬರಿ ಲೌಕಿಕವಾದದ್ದು, ವಿಶ್ವಾಸಿಗೆ ಸತ್ಯವೇದವೊಂದೇ ಸಾಕು ಎನ್ನುವ ಹಿರಿಯರಿದ್ದಾರೆ. ಅವರಿಗೆ ನಮ್ಮ ವಿನಯದ ಉತ್ತರ: ನಮ್ಮ ಕರ್ತನು ಹೆಚ್ಚಾಗಿ ಮಾತಾಡಿದ್ದೇ ಕಥೆಗಳಲ್ಲಿ. ಬಿತ್ತುವವನು, ಕಳೆದುಹೋದ ಕುರಿ, ದಾರಿಯಲ್ಲಿ ಬಿದ್ದವನನ್ನು ಎತ್ತಿದ ಸಮಾರ್ಯದವನು, ಬಾಗಿಲಲ್ಲಿ ಬಿದ್ದಿದ್ದ ಲಾಜರನು.

ನೀವು ಮಾಲೀಕರ ಮೇಲೆ ದ್ವೇಷ ಹುಟ್ಟಿಸುತ್ತೀರಿ ಎನ್ನುವವರೂ ಇದ್ದಾರೆ. ಇಲ್ಲ. ನಾತಾನನು ದಾವೀದನನ್ನು ದ್ವೇಷಿಸಲಿಲ್ಲ, ಅವನು ಬದುಕಲಿ ಎಂದೇ ಹೋಗಿ ಹೇಳಿದನು. ದಿನದ ಕೂಲಿಯನ್ನು ಸೂರ್ಯ ಮುಳುಗುವುದರೊಳಗೆ ಕೊಡಬೇಕೆಂದು ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ ಹೇಳುತ್ತದೆ. ಹೊಲ ಕೊಯ್ದವರಿಗೆ ಹಿಡಿದಿಟ್ಟ ಕೂಲಿಯ ಕೂಗು ದೇವರ ಕಿವಿಗೆ ಮುಟ್ಟಿತೆಂದು ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯ ಹೇಳುತ್ತದೆ. ಇದು ದ್ವೇಷವೇ?

ಸಹನೆಯೂ ತೃಪ್ತಿಯೂ ಕ್ರೈಸ್ತ ಗುಣಗಳಲ್ಲವೇ ಎಂದು ಕೇಳುವಿರಿ. ಹೌದು, ಅವು ಪವಿತ್ರಾತ್ಮನ ಫಲಗಳೇ. ಸೈಲಸ್ ಮಾರ್ನರ್ ಎಂಬ ಒಂಟಿ ನೇಕಾರ ಬಂಗಾರ ಕಳೆದುಕೊಂಡು ಒಂದು ಅನಾಥ ಮಗುವನ್ನು ಪಡೆದು ಮನುಷ್ಯನಾದ ಕಥೆಯನ್ನು ನಾವು ಈಗಲೂ ಕಣ್ಣೊರೆಸಿಕೊಂಡು ಓದುತ್ತೇವೆ. ರೋಗ ಬಂದಾಗ, ಸಾವು ಬಂದಾಗ, ಮಳೆ ಕೈಕೊಟ್ಟಾಗ ನಮ್ಮ ಜನ ತೋರಿಸುವ ಸಹನೆಯನ್ನು ಯಾವ ಪುಸ್ತಕವೂ ನಮಗೆ ಕಲಿಸಬೇಕಾಗಿಲ್ಲ, ಪುಸ್ತಕ ಬರೆಯುವವರು ಬಂದು ನಮ್ಮಿಂದ ಕಲಿಯಬಹುದು. ಆದರೆ ಮೇಸ್ತ್ರಿ ಹಾಜರಿ ಕಡಿಮೆ ಬರೆದಾಗ ಸುಮ್ಮನಿರುವುದು ಸಹನೆಯಲ್ಲ, ಭಯ. ಭಯಕ್ಕೆ ಭಕ್ತಿಯ ಅಂಗಿ ತೊಡಿಸಬೇಡಿರಿ.

ಆ ಕಾಲದ ಇಂಗ್ಲೆಂಡಿನ ಕ್ರೈಸ್ತರೂ ಬರೀ ಸಹನೆ ಕಲಿಯಲಿಲ್ಲ. ಲಾರ್ಡ್ ಆಶ್ಲಿ, ಮುಂದೆ ಶಾಫ್ಟ್ಸ್‌ಬರಿ ಪ್ರಭು ಎನಿಸಿದವರು, ದೃಢವಾದ ವಿಶ್ವಾಸಿ. ಅವರು ಮತ್ತು ಅವರಂಥವರು ಹೋರಾಡಿದ್ದರಿಂದ 1842ರಲ್ಲಿ ಹೆಂಗಸರನ್ನೂ ಹತ್ತು ವರ್ಷದೊಳಗಿನ ಹುಡುಗರನ್ನೂ ಗಣಿಯೊಳಗೆ ಇಳಿಸಬಾರದೆಂಬ ಕಾನೂನು ಬಂತು. 1847ರಲ್ಲಿ ಬಟ್ಟೆ ಗಿರಣಿಗಳ ಹೆಂಗಸರಿಗೂ ಎಳೆಯರಿಗೂ ದಿನಕ್ಕೆ ಹತ್ತು ಗಂಟೆಯ ಮಿತಿ ಬಂತು. ಕೂಲಿಗಳೇ ಸಂಘ ಕಟ್ಟಿ, ಅರ್ಜಿ ಬರೆದು, ಸಭೆ ಸೇರಿ ಒತ್ತಾಯಿಸಿದ್ದು ಇದಕ್ಕೆ ಬಲವಾಯಿತು. ನಮ್ಮ ದೇಶದಲ್ಲಿಯೂ 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯಲ್ಲಿ ಮನೆ, ಕುಡಿಯುವ ನೀರು, ಔಷಧ, ಶಿಶುವಿಹಾರ, ಮಕ್ಕಳ ಶಾಲೆ ಇವನ್ನು ಬರೆದದ್ದು ಯಾರೋ ಕರುಣೆಯಿಂದ ಕೊಟ್ಟ ಹಬ್ಬದ ಹೊದಿಕೆಯಂತೆ ಅಲ್ಲ. ನಿಮ್ಮವರು ಕೇಳಿದ್ದರಿಂದ ಬಂತು. ಆಲಿವರನ ಹಾಗೆ ಕೇಳಿದರು. ಅವನು ಒಬ್ಬನೇ ಕೇಳಿದ, ಅವರು ಕೂಡಿ ಕೇಳಿದರು.

ಹಾಗಾದರೆ ಹೇಗೆ ಓದೋಣ?

ನಮ್ಮ ಕೂಟದಲ್ಲಿ ಈಗ ಮಾಡುತ್ತಿರುವುದನ್ನು ನಿಮ್ಮ ಮುಂದೆ ಇಡುತ್ತೇವೆ. ನಿಮಗೆ ಒಪ್ಪಿದರೆ ಮಾಡಿರಿ.

ಒಂದು, ಚಿಕ್ಕ ಪುಸ್ತಕವನ್ನು ನಂಬಬೇಡಿರಿ. ಈ ಕಾದಂಬರಿಗಳ ಹಕ್ಕು ಎಂದೋ ಮುಗಿದಿದೆ, ಮೂಲವನ್ನು ಯಾರು ಬೇಕಾದರೂ ಓದಬಹುದು, ಕನ್ನಡಕ್ಕೆ ತರಬಹುದು. ಇಂಗ್ಲಿಷ್ ಬಲ್ಲ ಮಗಳು ವಾರಕ್ಕೊಂದು ಅಧ್ಯಾಯ ಓದಿ ಮನೆಯ ಮಾತಿನಲ್ಲಿ ಹೇಳಲಿ. ಅಕ್ಷರ ಬಾರದ ಅಜ್ಜಿಯೂ ಕೇಳಲಿ. ಹೀಗೆ ಮಾಡಿದರೆ ನಮ್ಮಂಥ ಗಡಿಯವರಿಗೆ ಇನ್ನೊಂದು ಲಾಭ. ಮಕ್ಕಳಿಗೆ ಕನ್ನಡದಲ್ಲಿ ಹತ್ತು ಮಾತು ಸೇರಿಸಿ ಆಡಲು ಬರುತ್ತದೆ.

ಎರಡು, ಕಥೆ ಮುಗಿದ ಮೇಲೆ ನೀತಿಯೇನೆಂದು ಕೇಳುವ ಮೊದಲು, ಈ ನೀತಿ ಯಾರಿಗೆ ಎಂದು ಕೇಳಿರಿ. ಕುರಿಮರಿ ಯಾರದು, ತಿಂದವರು ಯಾರು?

ಮೂರು, ನೀತಿ ಹೇಳುವ ಕೆಲಸವನ್ನು ಬೋಧಕರಿಗೇ ಬಿಡಬೇಡಿರಿ. ಹೆಂಗಸರು ಮೊದಲು ಮಾತಾಡಲಿ. ಗಿರಣಿಯ ಹುಡುಗಿ ಡೈನಾ ಪ್ರಸಂಗ ಮಾಡಿದಳಾದರೆ ಕಾಫಿ ಹಣ್ಣು ಬಿಡಿಸುವ ತಂಗಿಯೂ ಕಬ್ಬಿನ ಹೊರೆ ಹೊರುವ ಅಕ್ಕನೂ ಏಕೆ ಮಾಡಬಾರದು? ನಮ್ಮ ತಪ್ಪನ್ನು ತೋರಿಸಿಕೊಟ್ಟವರು ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ತಾಯಿ ಎಂಬುದನ್ನು ಮರೆಯಲಾರೆವು.

ನಾಲ್ಕು, ಅವರ ಕಥೆಯ ಪಕ್ಕದಲ್ಲಿ ನಮ್ಮ ಕಥೆಯನ್ನು ಇಡಿರಿ. ಮುಂಗಡ ಎಷ್ಟು ಹಿಡಿದೆವು, ಎಷ್ಟು ತೀರಿತು, ಮಗು ಎಷ್ಟು ದಿನ ಶಾಲೆ ತಪ್ಪಿತು ಎಂದು ಒಂದು ನೋಟ್ ಪುಸ್ತಕದಲ್ಲಿ ಬರೆಯಿರಿ. ಡಿಕನ್ಸನ ಬಾಲ್ಯವು ಅವನು ಬರೆದದ್ದರಿಂದ ನಮಗೆ ಗೊತ್ತಾಯಿತು. ಬರೆಯದೆ ಹೋದ ಹುಡುಗರು ಅದೇ ಕಾರ್ಖಾನೆಯಲ್ಲಿ ಅವನ ಪಕ್ಕದಲ್ಲಿಯೇ ಕುಳಿತಿದ್ದರು.

ಆ ತಾಯಿಯ ಪ್ರಶ್ನೆಗೆ ನಾವು ತಡವಾಗಿಯಾದರೂ ಉತ್ತರ ಕೊಡಬೇಕು. ಇಲ್ಲ ತಾಯಿ, ಆ ಹುಡುಗನಿಗೆ ಗಂಜಿ ಸಾಕಾಗಿರಲಿಲ್ಲ. ಕೇಳಿದ್ದು ತಪ್ಪಲ್ಲ. ತಪ್ಪು ನಮ್ಮದು, ಅವನ ಬಟ್ಟಲನ್ನು ನೋಡದೆ ಅವನಿಗೆ ತೃಪ್ತಿಯನ್ನು ಬೋಧಿಸಿದೆವು.

ದಿನದಿನದ ರೊಟ್ಟಿಯನ್ನು ಕೇಳಿಕೊಳ್ಳಿರಿ ಎಂದು ಶಿಷ್ಯರಿಗೆ ಕಲಿಸಿದ ಕರ್ತನು, ಕೇಳುವವರ ಬಾಯಿ ಮುಚ್ಚಿಸುವವನಲ್ಲ. ಆತನು ನಿಮ್ಮ ಲೈನ್ ಮನೆಗಳನ್ನೂ ನಮ್ಮ ಗುಡಿಸಲುಗಳನ್ನೂ ಕಾಯಲಿ, ನಮ್ಮ ಮಕ್ಕಳಿಗೆ ಓದುವ ಕಣ್ಣನ್ನೂ ಕೇಳುವ ಬಾಯನ್ನೂ ಕೊಡಲಿ. ಆಮೆನ್.